ಹೊರಗಿನ ಚಿಲಕ

ಡಿಸೆಂಬರ್ ೧೯

ಮಗಳ ಅಪ್ಪನಿಗೆ,

ನಿಮ್ಮ ಕಾಗದ ಸಿಕ್ಕಿತು. ಹೌದು, ನಾವಿಬ್ಬರೂ ಬದುಕಿದ್ದೇವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಕೊನೆಯವರೆಗೆ ಓದುವ ತಾಳ್ಮೆ ನಿಮಗಿಲ್ಲ. ಮಹಡಿ ಹೋಗಿದೆ. ಕೆಳಗಿನ ಎರಡು ಕೋಣೆ, ಮೆಟ್ಟಿಲು ಉಳಿದಿವೆ. ಮೆಟ್ಟಿಲು ಹತ್ತಿದರೆ ಈಗ ಸೀದಾ ಆಕಾಶ.

ಹವಾಮಾನ ಕಚೇರಿಯಿಂದ ನೀವು ಕೊಟ್ಟ ಎಚ್ಚರಿಕೆ ರೇಡಿಯೊದಲ್ಲಿ ಬಂದಾಗ ನಾನು ಲಾಂಡ್ರಿಯಲ್ಲಿ ಆಸ್ಪತ್ರೆಯ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಡಿಸೆಂಬರಿನಲ್ಲಿ ಎಂಥಾ ಸುಂಟರಗಾಳಿ ಎಂದು ಲಾಂಡ್ರಿ ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ಮದುವೆಯಾದಾಗಿನಿಂದ ಊಟದ ಜೊತೆ ನಿಮ್ಮ ಸುಂಟರಗಾಳಿ ಕಥೆಗಳನ್ನೇ ಉಂಡವಳಲ್ಲವೇ ನಾನು? ಹೊರದೇಶಗಳಲ್ಲಿ ಮೂರು ರಾಜ್ಯಗಳನ್ನು ಸೀಳಿಕೊಂಡು ಹೋದದ್ದು ಮಾರ್ಚಿನಲ್ಲಿ, ಸಾವಿರಕ್ಕೂ ಹೆಚ್ಚು ಜನರನ್ನು ನುಂಗಿದ್ದು ಏಪ್ರಿಲಿನಲ್ಲಿ, ಮೇಣದಬತ್ತಿ ಕಾರ್ಖಾನೆಯನ್ನು ಕೆಲಸಗಾರರ ಮೇಲೆಯೇ ಕೆಡವಿದ್ದು ಇಂಥದೇ ಡಿಸೆಂಬರಿನಲ್ಲಿ. ವಸಂತದಲ್ಲಿ ಜಾಸ್ತಿ, ಆದರೆ ಸುಂಟರಗಾಳಿಗೆ ರಜಾ ತಿಂಗಳು ಅಂತ ಇಲ್ಲ ಎನ್ನುತ್ತಿದ್ದಿರಿ. ನಿಮ್ಮ ಕೋಪವನ್ನು ನೋಡಿದ್ದ ನನಗೆ ಅದು ಬೇಗ ಅರ್ಥವಾಗಿತ್ತು. ಇಸ್ತ್ರಿ ಆರಿಸಿ ಓಡಿದೆ.

ಶಾಲೆಯಿಂದ ಮಗಳನ್ನು ಎಳೆದುಕೊಂಡು ಮನೆ ಸೇರುವಷ್ಟರಲ್ಲಿ ಆಕಾಶ ಕೊಳೆತ ಹಸಿರಾಗಿತ್ತು. ರೇಡಿಯೊದಲ್ಲಿ ನೀವು ಎಷ್ಟು ಶಾಂತವಾಗಿ ಹೇಳುತ್ತಿದ್ದಿರಿ, ಮನೆಯ ನಡುವಿನ, ಕಿಟಕಿಯಿಲ್ಲದ, ಎಲ್ಲಕ್ಕಿಂತ ಚಿಕ್ಕ ಕೋಣೆಗೆ ಹೋಗಿ ಎಂದು. ನಮ್ಮಲ್ಲಿ ಅಂಥದ್ದು ಒಂದೇ, ಮೆಟ್ಟಿಲ ಕೆಳಗಿನದು. ನನ್ನ ಕೂದಲು ಹಿಡಿದು ಒಳಗೆ ತಳ್ಳಿ, ಚಿಲಕ ಹಾಕಿ ನೀವು ಡ್ಯೂಟಿಗೆ ಹೋಗುತ್ತಿದ್ದ ಕೋಣೆ. ಅದರ ಮುಂದೆ ನನಗೆ ಕಾಲು ಕಿತ್ತಿಡಲಾಗಲಿಲ್ಲ. ಎದುರಿನ ದರ್ಜಿ ಅಂಗಡಿಯ ಚಾವಣಿ ಹಾರಿಬಂದು ನಮ್ಮ ಕಿಟಕಿಗೆ ಅಪ್ಪಳಿಸಿದ ಮೇಲೆ ಮಗಳನ್ನು ಎತ್ತಿಕೊಂಡು ನುಗ್ಗಿದೆ.

ಬಾಗಿಲು ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ, ಚಿಲಕ ಹೊರಗಿತ್ತು. ಗಾಳಿ ಬಾಗಿಲನ್ನು ಹೊರಕ್ಕೆ ಜಗ್ಗಿತು. ನಾನು ಬಾಗಿಲಿನ ಅಡ್ಡಪಟ್ಟಿಗೆ ಉಗುರು ಊರಿ ಒಳಕ್ಕೆ ಜಗ್ಗಿದೆ. ತಲೆಯ ಮೇಲೆ ಮಹಡಿ ಮೂಳೆ ಮುರಿದಂತೆ ಲಟಲಟನೆ ಮುರಿದು ಕಿತ್ತುಹೋಯಿತು. ಸಂದಿಯಿಂದ ನುಗ್ಗಿದ ಗಾಜು ನನ್ನ ಕೆನ್ನೆ ಸೀಳಿತು. ಉಗುರುಗಳು ಬುಡದಿಂದ ಎದ್ದುಬಂದವು, ರಕ್ತಕ್ಕೆ ಪಟ್ಟಿ ಜಾರತೊಡಗಿತು. ಮಗಳು ನನ್ನ ಸೊಂಟ ಅವುಚಿಕೊಂಡು ಕಿರುಚಿ ಕೇಳಿದಳು:

"ಅಮ್ಮಾ, ಚಿಲಕ ಯಾಕೆ ಹೊರಗಡೆ ಇದೆ?"

ಇಲಿ ಹೊರಗೆ ಬರದಿರಲಿ ಅಂತ, ಎಂದೆ. ಆ ಕೋಣೆಯ ಬಗ್ಗೆ ಅವಳಿಗೆ ಯಾವಾಗಲೂ ಹೇಳುತ್ತಿದ್ದ ಸುಳ್ಳು, ತಾನಾಗಿ ಬಾಯಿಗೆ ಬಂತು.

"ಇಲಿ ಅಳಲ್ಲ ಅಮ್ಮ," ಎಂದಳು. ಹಾಗೆಂದು ತಾನೂ ಪಟ್ಟಿಗೆ ಕೈಹಾಕಿ ಜಗ್ಗತೊಡಗಿದಳು.

ಹೊರಗೆ ಬಂದಾಗ ಬೀದಿ ಬೀದಿಯಾಗಿರಲಿಲ್ಲ. ದರ್ಜಿ ತನ್ನ ಹೊಲಿಗೆ ಯಂತ್ರದ ಅಡಿ ಸತ್ತುಬಿದ್ದಿದ್ದ, ಅಳತೆಪಟ್ಟಿ ಇನ್ನೂ ಕೊರಳಲ್ಲೇ ಇತ್ತು. ನಾನು ಇಸ್ತ್ರಿ ಹಾಕಿದ್ದ ಚಾದರಗಳು ಮುರಿದ ಮರಗಳಿಗೆ ಸುತ್ತಿಕೊಂಡಿದ್ದವು. ಅವನ್ನೇ ಬಿಡಿಸಿ ತಂದು ಹೆಣಗಳಿಗೆ ಹೊದಿಸಿದೆವು.

ಬದುಕಿ ಉಳಿದವರೆಲ್ಲ ನಿಮ್ಮನ್ನು ಹೊಗಳುತ್ತಿದ್ದಾರೆ. ಹೊಗಳಲಿ, ಸುಳ್ಳೇನಲ್ಲ. ನಿಮ್ಮ ಮಾತಿನಿಂದಲೇ ನನ್ನ ಮಗು ಉಳಿಯಿತು, ಅಷ್ಟರ ಮಟ್ಟಿಗೆ ನಾನೂ ಋಣಿ. ಅಂಥ ಗಂಡನನ್ನು ಬಿಟ್ಟು ಯಾಕೆ ಕೂತಿದ್ದೀಯಮ್ಮ ಎಂದು ಲಾಂಡ್ರಿ ಯಜಮಾನರು ಕೇಳಿದರು. ನೀವೂ ಬರೆದಿದ್ದೀರಿ: ಮನೆ ಮುರಿದಿದೆ, ಇಬ್ಬರೂ ನನ್ನ ಕ್ವಾರ್ಟರ್ಸಿಗೆ ಬಂದುಬಿಡಿ, ಆದದ್ದಾಯಿತು, ಹೇಗೂ ಮಗುವಿಗೆ ಏನೂ ಗೊತ್ತಿಲ್ಲವಲ್ಲ ಎಂದು.

ಗೊತ್ತಿದೆ. ಅವಳಿಗೆ ಗೊತ್ತಿಲ್ಲ, ಅಪ್ಪ ಬೇಕು ಎನ್ನುತ್ತಾಳೆ ಎಂದುಕೊಂಡೇ ನಾನು ಇಷ್ಟು ದಿನ ಅಳೆದು ಸುರಿಯುತ್ತಿದ್ದದ್ದು. ಇನ್ನು ಅದು ಮುಗಿಯಿತು. ನಾವು ಬರುವುದಿಲ್ಲ, ನೀವೂ ಬರಬೇಡಿ. ರೇಡಿಯೊದಲ್ಲಿ ನೀವು ಹೇಳುವುದನ್ನು ಮಾತ್ರ ತಪ್ಪದೆ ಕೇಳುತ್ತೇವೆ.

ಇಂತಿ,
ನಿಮ್ಮ ಮಗಳ ಅಮ್ಮ

ವಿ.ಸೂ.: ಲಕೋಟೆ ಭಾರವಾಗಿದೆಯಲ್ಲ, ಅದರಲ್ಲಿರುವುದು ನಿಮ್ಮ ಚಿಲಕ. ನಿನ್ನೆ ಬಡಗಿ ಬಂದು ಕಿತ್ತುಕೊಟ್ಟ. ಹೊಸದನ್ನು ಒಳಗಡೆ ಹಾಕಿದ್ದಾನೆ, ಮಗಳ ಕೈಗೆ ಎಟುಕುವ ಎತ್ತರದಲ್ಲಿ.