ಸತ್ತ ಮೀನಿಗೆ ಎಂಥ ಸೆಕೆ?

ಅಕ್ಕಾ, ನಾನು ಸುಖವಾಗಿದ್ದೇನೆ. ಮೀನು, ಹಣ್ಣು ತುಂಬಿದ ತಣ್ಣನೆಯ ಕಂಟೇನರುಗಳು ಇಲ್ಲಿ ರೈಲಿನಿಂದ ಲಾರಿಗೆ, ಲಾರಿಯಿಂದ ಹಡಗಿಗೆ ಸಾಗುತ್ತವೆ. ನಡುವೆ ಯಾರ್ಡಿನಲ್ಲಿ ನಿಂತಾಗ ಅವಕ್ಕೆ ಕರೆಂಟು ಕೊಡುವುದು ನನ್ನ ಕೆಲಸ.

ಮೊನ್ನೆ ಒಬ್ಬ ಡ್ರೈವರ್ ಕಲ್ಲಿನಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿದ ಮೀನಿನ ಕಂಟೇನರು ತಂದಿಳಿಸಿದ. ಅಂದೇ ನಮ್ಮ ದೊಡ್ಡ ಸಾಹೇಬರ ಭಾಷಣಕ್ಕೆ ಶಾಮಿಯಾನ ಎದ್ದಿತು. ದೀಪ, ಕೂಲರುಗಳಿಗೆ ಕರೆಂಟು ಸಾಲದೆ, ಅವರ ಬಾಲಬಡುಕ ಮೇಸ್ತ್ರಿ ಆ ಮೀನಿನ ಲೈನನ್ನೇ ಕಿತ್ತು ಅತ್ತ ಕೊಟ್ಟ. "ಮೀನು ಕೆಡುತ್ತೆ ಮೇಸ್ತ್ರಿ" ಅಂದೆ. "ಸತ್ತ ಮೀನಿಗೆ ಎಂಥ ಸೆಕೆ?" ಎಂದು ಹಲ್ಲು ಕಿರಿದ.

ನಿನ್ನೆ ಸಾಹೇಬರು "ತಂಪು ಒಂದು ಕ್ಷಣವೂ ತಪ್ಪಬಾರದು" ಎಂದು ಕೊರೆಯುತ್ತಿದ್ದಾಗ ಆ ಕಂಟೇನರಿನ ಬಾಗಿಲಿನಿಂದ ಕೆಂಪು ನೀರು ಸೋರಿ, ಮುಂದಿನ ಸಾಲಿನ ಬೂಟುಗಳವರೆಗೆ ಹರಿದು ಬಂತು. ಅತಿಥಿಗಳೆಲ್ಲ ಮೂಗು ಮುಚ್ಚಿಕೊಂಡರೂ ಭಾಷಣ ನಿಲ್ಲಲಿಲ್ಲ! ಕೊನೆಗೆ ಮೇಸ್ತ್ರಿ, ಇನ್ನೂ ಯಾರ್ಡಿನಲ್ಲೇ ಇದ್ದ ಆ ಡ್ರೈವರನ ಕಾಲರ್ ಹಿಡಿದು, "ದಾರೀಲೇ ಕೆಡಿಸ್ಕೊಂಡು ಬಂದಿದಾನೆ ಸಾರ್, ಲೈಸೆನ್ಸ್ ಕಿತ್ಕೊಳ್ಳಿ" ಎಂದ. ಭಾವನ ವಯಸ್ಸಿನ ಮನುಷ್ಯ, ಕೈ ಮುಗಿದ. ನನಗೆ ತಡೆಯಲಾಗಲಿಲ್ಲ. ಮೈಕಿನ ಹತ್ತಿರ ಹೋಗಿ, "ಮೀನಿನ ಕರೆಂಟು ಕಿತ್ತು ಈ ಕೂಲರಿಗೆ ಕೊಟ್ಟೋನು ಮೇಸ್ತ್ರಿ. ಬೇಕಾದ್ರೆ ವೈರು ಹಿಡ್ಕೊಂಡು ನಡೀರಿ" ಅಂದೆ. ಯಾರೂ ನಡೆಯಬೇಕಾಗಲಿಲ್ಲ. ವೈರು ಸಾಹೇಬರ ಕಾಲಡಿಯಲ್ಲೇ ಇತ್ತು.

ಡ್ರೈವರನ್ನು ಬಿಟ್ಟರು. ಆ ಕಂಟೇನರು ತೊಳೆಯುವ ಶಿಕ್ಷೆ ನನಗೆ ಬಿತ್ತು. ಹಳೆಯ ಕೆಮ್ಮು ವಾಸಿಯಾಗಿದೆ, ಆ ನಾತಕ್ಕೆ ಊಟ ಮಾತ್ರ ಸೇರುತ್ತಿಲ್ಲ. ಮೇಸ್ತ್ರಿ ನನ್ನೊಡನೆ ಮಾತು ಬಿಟ್ಟಿದ್ದಾನೆ, ಅದರಿಂದ ತಲೆನೋವು ಎಷ್ಟೋ ಕಡಿಮೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಮ್ಮ