ಮೊದಲ ಗಂಜಿಯ ಚಮಚ

ಅಲ್ ಐನ್, ಯು.ಎ.ಇ.,
ಸೋಮವಾರ, 11 ನವೆಂಬರ್ 2013

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಬಂದವರಿಗೆ ತೋರಿಸಲೆಂದು ಕಪಾಟಿನಲ್ಲಿ ಇಟ್ಟಿದ್ದೀಯೋ? ಅಪ್ಪನ ಬಿ.ಪಿ. ಮಾತ್ರೆ ತಪ್ಪಿಸಬೇಡ. ಕೆಳಗಿನ ಅಂಗಡಿಯ ಅಬೂಬಕ್ಕರ್ ನಾಳೆ ಮಂಗಳೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಈ ಕಾಗದ. ಫೋನ್ ಇರುವಾಗ ಇವಳಿಗೇನು ಕಾಗದದ ಹುಚ್ಚು ಎಂದು ನಗಬೇಡ. ನಿನ್ನೊಡನೆ ಫೋನಿನಲ್ಲಿ ಮಾತಾಡಿದರೆ ಪಕ್ಕದಲ್ಲಿರುವ ಅಪ್ಪನಿಗೂ ಕೇಳುತ್ತದೆ. ಇದು ಅವರಿಗೆ ಕೇಳಬಾರದು.

ಶುಕ್ರವಾರ ಅಲಿಶಾಳಿಗೆ ಮೊದಲ ಗಂಜಿ ಉಣಿಸಿದೆವು. ನೀನು ಆನ್ಸೆಲ್ಮ್ ಮಾಮನ ಕೈಯಲ್ಲಿ ಕಳಿಸಿದ ಬೆಳ್ಳಿ ಚಮಚದಲ್ಲೇ, ನಮ್ಮ ಮನೆಯ ಮಕ್ಕಳಿಗೆಲ್ಲ ಉಣಿಸುವ ಹಾಗೆ. ಅಜ್ಜ ಕೊಚ್ಚಿಯಲ್ಲಿ ಅಡುಗೆಗಿದ್ದಾಗ ದೊರೆಸಾನಿ ಮೆಚ್ಚಿ ಕೊಟ್ಟ ಹಳೇ ಡಚ್ಚರ ಕಾಲದ ಬೆಳ್ಳಿಯೆಂದು ಎಷ್ಟು ಜಂಬ ನಮಗೆ! ಹಿಡಿಯ ತುದಿಯ ಗೊಂಬೆ ಯಾರೋ ಸಂತರು, ಹಿಂಬದಿಯ ಅಕ್ಷರಗಳು ಪ್ರಾರ್ಥನೆ ಎಂದು ಅಜ್ಜಿ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳಲ್ಲ. ಮೇಲಿನ ಮಹಡಿಯ ಡಚ್ ಟೀಚರನ್ನೂ ಊಟಕ್ಕೆ ಕರೆದಿದ್ದೆ. ನಿಮ್ಮವರ ಕಾಲದ ಬೆಳ್ಳಿ ನೋಡಿ ಎಂದು ಹಿಗ್ಗಿನಿಂದ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿ ಓದಿದವರ ಮುಖ ಸಪ್ಪಗಾಯಿತು. ಏನೂ ಇಲ್ಲ ಎಂದರು, ನಾನು ಬಿಡಲಿಲ್ಲ. ಅದು ಪ್ರಾರ್ಥನೆಯಲ್ಲವಂತೆ. ಕೊಚ್ಚಿಯಲ್ಲಿ ಸತ್ತ ಒಬ್ಬ ಹೆಂಗಸಿನ ಹೆಸರು, ಸತ್ತ ದಿನ. ಹಿಂದೆ ಅವರಲ್ಲಿ ಹಾಗೆ ಕೆತ್ತಿಸಿ, ಶವಪೆಟ್ಟಿಗೆ ಹೊತ್ತವರಿಗೆ ನೆನಪಿಗೆಂದು ಹಂಚುತ್ತಿದ್ದರಂತೆ. ಚಮಚದಲ್ಲಿ ಮಗುವಿನ ಎಂಜಲು ಇನ್ನೂ ಒಣಗಿರಲಿಲ್ಲ ಅಮ್ಮಾ.

ಶನಿವಾರ ಜ್ವರ ಬಂತು. ಇವತ್ತಿಗೂ ಇಳಿದಿಲ್ಲ. ಡಾಕ್ಟರು ವೈರಲ್ ಎನ್ನುತ್ತಾರೆ. ನಿನ್ನ ಅಳಿಯ ಮೆಲ್ವಿನ್ ಅಂತೂ "ಹಲ್ಲು ಬರುವಾಗ ಜ್ವರ ಬರ್ತದೆ ಮಾರಾಯ್ತಿ, ಚಮಚಕ್ಕೆ ಎಂತ ಗೊತ್ತು?" ಎಂದು ನಗುತ್ತಾರೆ. ಆದರೆ ನಿನ್ನೆ ಅವರೇ ಗುಟ್ಟಾಗಿ ಆ ಹೆಂಗಸಿನ ಹೆಸರನ್ನು ಮೊಬೈಲಿನಲ್ಲಿ ಹುಡುಕುತ್ತಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳು ನಾನು, ಇಂಥದಕ್ಕೆಲ್ಲ ಹೆದರಬಾರದು. ಹೆದರಿದ್ದೇನೆ. ಚಮಚವನ್ನು ಅಡುಗೆಮನೆಯಲ್ಲಿ ಇಡಲು ಭಯ, ಬಿಸಾಡಿದರೆ ಅಜ್ಜನ ಆತ್ಮ ನೊಂದೀತೆಂದು ಇನ್ನೊಂದು ಭಯ. ಮೆಲ್ವಿನ್ ಅವರ ಕಾಲುಚೀಲದೊಳಗೆ ತುರುಕಿ ಬಾಲ್ಕನಿಯಲ್ಲಿ ಇಟ್ಟಿದ್ದೇನೆ. ಮಗು ಅತ್ತಾಗಲೆಲ್ಲ ನನ್ನ ಕಣ್ಣು ಬಾಲ್ಕನಿಯ ಕಡೆಗೇ ಹೋಗುತ್ತದೆ. ನಾನೂ ಅದರಲ್ಲೇ ಉಂಡವಳು, ಗುಂಡುಕಲ್ಲಿನ ಹಾಗೆ ಇದ್ದೇನಲ್ಲ ಎಂದು ಧೈರ್ಯ ತಂದುಕೊಳ್ಳುತ್ತೇನೆ. ಅದು ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮೇಲೆ ಮತ್ತೆ ಅವಳ ಹಣೆ ಮುಟ್ಟಿ ನೋಡುತ್ತೇನೆ.

ಮಗುವಿನ ಹೆಸರಲ್ಲಿ ಇಗರ್ಜಿಯಲ್ಲಿ ಒಂದು ಮೇಣದಬತ್ತಿ ಹಚ್ಚು. ಅಪ್ಪನಿಗೆ ಅಲಿಶಾಳ ಮುತ್ತು. ನಿಮ್ಮಿಬ್ಬರನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಮಗಳು,
ರೊಸಲಿನ್

ತಾ.ಕ.: ಅಬೂಬಕ್ಕರ್ ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿದ್ದಾರೆ. ಅಮ್ಮಾ, ನಾನು ಹುಟ್ಟುವ ಮೊದಲೇ ಜ್ವರ ಬಂದು ತೀರಿಹೋದನಲ್ಲ ಡಿಕ್ಸನ್ ಅಣ್ಣ, ಅಪ್ಪನ ಎದುರು ಅವನ ಹೆಸರು ಎತ್ತುವ ಹಾಗಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಅವನಿಗೂ ಇದೇ ಚಮಚದಲ್ಲಿ ಉಣಿಸಿದ್ದೆಯಾ? ಅಪ್ಪ ಹೊರಗೆ ಹೋದಾಗ ಫೋನ್ ಮಾಡು. ಇಲ್ಲವಾದರೆ ಇಲ್ಲ ಎನ್ನು. ಹೌದಾಗಿದ್ದರೂ ಇಲ್ಲ ಎಂದೇ ಹೇಳು.