ಮನೆ ನಂಬರಿಲ್ಲದವರು

೪ ಆಗಸ್ಟ್ ೧೯೭೫, ಸೋಮವಾರ

ತಿಕೋಟಾದಿಂದ ಮೂರಕ್ಕೆ ವಾಪಸು. ಡೋಣಿ ಹೊಳೆ ದಂಡೆಯ ಮನೆಗಳ ನೆರೆ ಪಟ್ಟಿ ಸಾರವಾಡದವರೆಗೆ ಬಂತು. ಮೇಲೆ ನೀರು ಏರಿದರೆ ತಿಕೋಟಾದಿಂದ ಫೋನು, ಬಬಲೇಶ್ವರದಿಂದ ಜೀಪು, ಊರೊಳಗೆ ಸರಕಾರಿ ಆಳು ವಾಲೀಕಾರ ಪಟ್ಟಿ ಹಿಡಿದು ಮನೆ ಮನೆಗೆ. ಯೋಜನೆ ನನ್ನದೇ. ‘ಅಬ್ದುಲಸಮದ, ನಿನ್ನ ಅಕ್ಷರ ಮುತ್ತಿನಂಗ ಅದಾವಲ್ಲೋ’ ಎಂದರು ತಹಸೀಲ್ದಾರ ಸಾಹೇಬರು. ಮನೆಯಲ್ಲಿ ಹೆಂಡತಿ ರಾಜಬಿಗೆ ಹೇಳಿದೆ. ‘ಮುತ್ತಿದ್ರ ಇತ್ತ ಕೊಡ್ರಿ, ಮೂಗಿಗೆ ಹಾಕ್ಕೋತೀನಿ’ ಅಂದಳು.

೧೯ ಆಗಸ್ಟ್

ಕುರಿಗಾರ ಅಮೋಘಿ ಬಂದಿದ್ದ, ಹೆಂಡತಿ ದುಂಡವ್ವನೂ. ಬಿತ್ತುವ ಮುಂಚೆ ಗೊಬ್ಬರಕ್ಕೆಂದು ದಂಡೆಯ ಹೊಲದಲ್ಲಿ ಕುರಿಹಟ್ಟಿ ಹಾಕಿದ್ದಾರೆ.

‘ನಮ್ಮ ಹೆಸರೂ ಬರ್ಕೋರಿ ಸಾಹೇಬ್ರ.’

‘ಮನಿ ನಂಬರ್ ಎಷ್ಟು?’

‘ಕುರಿ ಎಲ್ಲಿ ಮಲಗ್ತಾವ, ಅಲ್ಲೇ ನಮ್ಮ ಮನಿರಿ’ ಅಂದಳು ದುಂಡವ್ವ.

ನಕ್ಕೆ. ಕಾಲಂ ಖಾಲಿ ಬಿಟ್ಟರೆ ಪಟ್ಟಿ ವಾಪಸು ಬರುತ್ತದೆ. ಬರೆಯಲಿಲ್ಲ.

೩೦ ಆಗಸ್ಟ್

ಸಾರವಾಡದಲ್ಲಿ ತಾಲೀಮು. ಎಮರ್ಜೆನ್ಸಿ ಕಾಲ — ಗಡಿಯಾರವೇ ದೊಡ್ಡ ಸಾಹೇಬ. ಮನೆ ಮನೆಗೆ ಸುದ್ದಿ ಮುಟ್ಟಿಸಲು ನಲವತ್ತು ನಿಮಿಷ ಇಟ್ಟಿದ್ದೆ. ವಾಲೀಕಾರ ಗುರಣ್ಣನಿಗೆ ಐವತ್ತೈದು ಹಿಡಿಯಿತು. ಕುರಿಹಟ್ಟಿಗೂ ಹೋಗಿ ಬಂದನಂತೆ.

‘ಅವ್ರು ಪಟ್ಟಿಯೊಳಗ ಅದಾರೇನು?’

‘ಇಲ್ರಿ. ಆದ್ರ ಮಂದಿ ಅದಾರಲ್ರಿ.’

ಎಲ್ಲರೆದುರು ಬೈದೆ. ಪಟ್ಟಿ ಬಿಟ್ಟು ಒಂದು ಹೆಜ್ಜೆ ಇಡಬೇಡ ಎಂದೆ. ಎರಡನೆಯ ಸಲ ಮೂವತ್ತೆಂಟೇ ನಿಮಿಷ. ಖುಷಿಯಾಯಿತು.

೨೩ ಸೆಪ್ಟೆಂಬರ್, ಮುಂಜಾನೆ ೧೧

ಡೋಣಿ ದಂಡೆ ಮೀರಿದೆ. ಫೋನು, ಜೀಪು, ಗುರಣ್ಣ — ಎಲ್ಲ ಹೊತ್ತಿಗೆ ಸರಿಯಾಗಿ. ಊರೆಲ್ಲ ಶಾಲೆಯ ದಿಬ್ಬದ ಮೇಲೆ. ರೋಜಾ ಉಪವಾಸದ ಒಣ ಬಾಯಲ್ಲೇ ಹೆಸರು ಕೂಗಿದೆ. ೨೧೨ ಮನೆ, ಒಬ್ಬರೂ ಕಡಿಮೆಯಿಲ್ಲ. ಸಾಹೇಬರು ಬೆನ್ನು ತಟ್ಟಿದರು.

ಮಧ್ಯಾಹ್ನ ೩

ಅಮೋಘಿ ಒಬ್ಬನೇ ಈಜಿ ಬಂದ. ದುಂಡವ್ವ ಬುಟ್ಟಿಯಡಿ ಮುಚ್ಚಿಟ್ಟ ಕುರಿಮರಿಗಳನ್ನು ಬಿಡಿಸಲು ತಿರುಗಿ ಹೋದಳಂತೆ... ಅವಳ ಹೆಣ ಈಗ ಸಿಕ್ಕಿತು.

ಗುರಣ್ಣ ಹತ್ತಿರ ಬಂದು ನಿಂತ. ‘ಹಟ್ಟಿ ಕಣ್ಣಿಗೆ ಕಾಣಾಕತ್ತಿತ್ರಿ. ಹೋಗೂಣು ಅಂದ್ಕೊಂಡ್ನಿ. ನಿಮ್ಮ ಮಾತು ನೆನಪಾತು.’

ಅಷ್ಟೇ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು.

೧೭ ಅಕ್ಟೋಬರ್

ಈದ್ ಬಂದು ಹೋಯಿತು. ಬರೆಯಲು ಮನಸ್ಸಾಗಲಿಲ್ಲ. ಇಂದು ಪ್ರಶಂಸಾ ಪತ್ರ — ‘ಪ್ರಾಣಹಾನಿ: ಇಲ್ಲ’. ಪಟ್ಟಿಯ ಪ್ರಕಾರ ಸರಿಯೇ. ರಾಜಬಿ ಪತ್ರಕ್ಕೆ ಕಟ್ಟು ಹಾಕಿಸೋಣ ಎಂದಳು. ಬೇಡವೆಂದೆ. ಹದಿನೇಳು ನಿಮಿಷ ಉಳಿಸಲು ಹೋಗಿ ಒಂದು ಜೀವ ಕಳೆದೆ. ತಪ್ಪು ಗುರಣ್ಣನದಲ್ಲ, ನನ್ನದು.

೨೦ ಅಕ್ಟೋಬರ್

ಅಮೋಘಿ ಆಫೀಸಿಗೆ ಬಂದ. ಪರಿಹಾರಕ್ಕೆ ಬಂದನೆಂದುಕೊಂಡೆ.

‘ನಾಳೆ ಉಳಿದ ಕುರಿ ಹೊಡ್ಕೊಂಡು ಹೊಂಟೀನ್ರಿ. ಅಕಿ ಹೆಸರು ಎಲ್ಲೂ ಇಲ್ರಿ. ಈಗರೆ ಬರ್ಕೋರಿ.’

ಕುರ್ಚಿ ಎಳೆದು ಕೊಟ್ಟೆ. ಕೂರಲಿಲ್ಲ, ನೋಡುತ್ತ ನಿಂತ. ರಿಜಿಸ್ಟರು ತೆಗೆದೆ. ಅಕ್ಷರ ಸೊಟ್ಟಾಯಿತು. ಬರೆದೆ — ೨೧೩. ದುಂಡವ್ವ, ಗಂಡ ಅಮೋಘಿ. ಮನೆ ನಂಬರ್ —